ದೋಣಿ ಹತ್ತಿಸಲು ಎಷ್ಟು ನೀರು ಬೇಕು

ಮದ್ದೂರಿನಿಂದ ಆಕ್ಲೆಂಡಿಗೆ

ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದರೆ ಮದ್ದೂರಿನಲ್ಲಿ ಜನ ಮೊದಲು ಹಿಮದ ಬೆಟ್ಟ ಕೇಳುತ್ತಾರೆ, ಆಮೇಲೆ ಕುರಿ ಕೇಳುತ್ತಾರೆ. ಬೆಟ್ಟವನ್ನು ನಾನು ವಿಮಾನದ ಕಿಟಕಿಯಿಂದಲೂ ನೋಡಲಿಲ್ಲ. ಕುರಿಗಿಂತ ಹಸುಗಳೇ ಹೆಚ್ಚು ಕಂಡವು. ಅಲ್ಲಿ ನಾನು ಕಣ್ಣು ಕೀಲಿಸಿ ನೋಡಿದ್ದು ಒಂದನ್ನೇ: ಕೆರೆಯಿಂದ ಮೇಲೆ ಬರುವ ದೋಣಿ ಟ್ರೈಲರ್ ಮೇಲೆ ನೆಟ್ಟಗೆ ಕೂರುತ್ತದೋ ಇಲ್ಲವೋ ಎಂಬುದನ್ನು. ಅದೂ ಒಂದು ವಿಷಯವೇ ಎನ್ನುವವರಿಗೆ ನನ್ನ ಮರುಪ್ರಶ್ನೆ ಇಷ್ಟೇ. ಗಂಡಹೆಂಡಿರಿಬ್ಬರ ಭಾನುವಾರಗಳೆಲ್ಲ ಅದರ ಮೇಲೆ ನಿಂತಿದ್ದರೆ ಏನು ಮಾಡುತ್ತೀರಿ?

ನಾನು ಹೋದದ್ದು ಅಜ್ಜಿಗೆ ಜೊತೆಯಾಗಿ. ಅಮ್ಮನ ತಾಯಿ, ಕಿರುಗಾವಲಿನವಳು. ಅವಳ ಕಿರಿಯ ಮಗಳು ಸುಧಾ ಚಿಕ್ಕಮ್ಮ ಹ್ಯಾಮಿಲ್ಟನ್ ಊರಿನಾಚೆ ವೃದ್ಧರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸು. ಚಿಕ್ಕಪ್ಪ ಪುಟ್ಟಸ್ವಾಮಿ ಕೆರಗೋಡಿನವರು, ಅಲ್ಲೇ ಹಸುವಿನ ಫಾರಂ ಒಂದರಲ್ಲಿ ಮೇಲ್ವಿಚಾರಕರು. ಮಂಡ್ಯದಲ್ಲಿ ಕಾನೂನು ಓದುತ್ತ, ಊರೂರಿನ ಚರ್ಚಾಸ್ಪರ್ಧೆಗಳನ್ನು ಸುತ್ತುತ್ತಿದ್ದ ನಾನು ಬಿಡುವಾಗಿದ್ದೇನೆ ಎಂಬುದು ಮನೆಯವರ ತೀರ್ಪು. ಆ ತೀರ್ಪಿನ ವಿರುದ್ಧ ನಾನು ವಾದಿಸಲಿಲ್ಲ. ಪುಕ್ಕಟೆ ವಿಮಾನ ಹತ್ತಿಸುವ ತೀರ್ಪನ್ನು ಯಾರೂ ಪ್ರಶ್ನಿಸುವುದಿಲ್ಲ.

ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ನಾವು ಸಿಕ್ಕಿಬಿದ್ದದ್ದು ಚಪ್ಪಲಿಯ ದೆಸೆಯಿಂದ. ಚೀಲದಲ್ಲಿದ್ದ ಮದ್ದೂರು ವಡೆ ಪಾಸಾಯಿತು. ಅಜ್ಜಿಯ ಹಳೇ ಚಪ್ಪಲಿಯ ಅಡಿಯಲ್ಲಿ ಒಣಗಿದ್ದ ಕಿರುಗಾವಲಿನ ಗದ್ದೆಮಣ್ಣು ಪಾಸಾಗಲಿಲ್ಲ, ಹೊರದೇಶದ ಮಣ್ಣು ಒಳಗೆ ಬರಕೂಡದಂತೆ. ಕೈಗವಸು ತೊಟ್ಟ ಒಬ್ಬ ಅಧಿಕಾರಿ ಚಪ್ಪಲಿಯನ್ನು ಒಳಗೆ ಕೊಂಡೊಯ್ದ. ದಂಡವೋ, ವಿಚಾರಣೆಯೋ ಎಂದು ನಾನು ಮನಸ್ಸಿನಲ್ಲೇ ಪ್ರತಿವಾದ ಸಿದ್ಧಮಾಡಿಕೊಳ್ಳುತ್ತಿದ್ದರೆ, ಆತ ಚಪ್ಪಲಿಯನ್ನು ಉಜ್ಜಿ ತೊಳೆದು ಒರೆಸಿ ತಂದು ಅಜ್ಜಿಯ ಕಾಲ ಹತ್ತಿರ ಇಟ್ಟ. "ಥ್ಯಾಂಕ್ಯೂ" ಎಂದೂ ಅವನೇ ಹೇಳಿದ.

"ಆಫೀಸರ್ರು ನನ್ ಚಪ್ಲಿ ತೊಳ್ಕೊಟ್ರಲ್ಲ ಕಣವ್ವ," ಎಂದಳು ಅಜ್ಜಿ, ಹೊರಗೆ ಬಂದಮೇಲೆ. "ನಮ್ಮ್ ತಾಲ್ಲೂಕಾಪೀಸಲ್ಲಿ ಚಪ್ಲಿ ಸವೀತದೆ, ಇಲ್ಲಿ ತೊಳೀತರೆ."

ಫಾರಂ ಮನೆ

ಚಿಕ್ಕಪ್ಪನ ಮನೆ ಹಾಲು ಕರೆಯುವ ಶೆಡ್ಡಿಗೆ ಕೂಗಳತೆಯಲ್ಲಿದೆ. ಶೆಡ್ಡಿನ ಪಕ್ಕದಲ್ಲಿ, ನೀಲಿ ಟಾರ್ಪಾಲಿನಡಿ, ಆ ದೋಣಿ ಇತ್ತು. ಬಿಳಿ ಬಣ್ಣದ್ದು, ಹಿಂದೆ ಮೋಟರು, ನಾಲ್ಕೈದು ಜನ ಕೂರುವಷ್ಟು ಜಾಗ. ಅದರ ಕೆಳಗಿದ್ದ ಟ್ರೈಲರ್ ನಮ್ಮ ಕಬ್ಬಿನ ಟ್ರ್ಯಾಕ್ಟರಿನ ಹಿಂದಿರುವಂಥದ್ದಲ್ಲ. ಎರಡು ಚಕ್ರದ ಕಬ್ಬಿಣದ ಚೌಕಟ್ಟು, ಅದರ ಉದ್ದಕ್ಕೂ ಎರಡು ಮರದ ಹಲಗೆ, ಹಲಗೆಗೆ ಸುತ್ತಿದ ಕಾರ್ಪೆಟ್ಟು. ದೋಣಿಯ ಹೊಟ್ಟೆ ಆ ಎರಡು ಹಲಗೆಗಳ ನಡುವೆ ಸರಿಯಾಗಿ ಕೂರಬೇಕು. ಮುಂದುಗಡೆ ಕೈಯಲ್ಲಿ ತಿರುಗಿಸುವ ವಿಂಚು. ಬಾವಿಯ ರಾಟೆ ನೆನೆಸಿಕೊಳ್ಳಿ, ಕೊಡದ ಬದಲು ದೋಣಿ.

"ದೋಣಿಗೂ ಜಮಖಾನ ಆಸಿದ್ದೀರಲ್ಲ ಅಳೀಮಯ್ಯ," ಎಂದಳು ಅಜ್ಜಿ, ಕಾರ್ಪೆಟ್ ಮುಟ್ಟಿ ನೋಡಿ.

"ಹೊಟ್ಟೆ ಉಜ್ಜೋಗ್ಬಾರ್ದಲ್ಲ ಅತ್ತೆ, ಅದ್ಕೆ," ಎಂದರು ಚಿಕ್ಕಪ್ಪ. ಆ ದೋಣಿಯ ವಿಷಯ ಬಂದರೆ ಅವರ ದನಿ ಕೂಸಿನ ಬಗ್ಗೆ ಮಾತಾಡುವವರ ಹಾಗೆ ಆಗುತ್ತಿತ್ತು.

ಊಟಕ್ಕೆ ಕೂತಾಗ ಜಗಳ ಹೊರಬಿತ್ತು. ತಾಯಿ ಬಂದಿದ್ದಾಳೆಂದು ಚಿಕ್ಕಮ್ಮ ಬಹಳ ಹೊತ್ತು ತಡೆದುಕೊಂಡಿದ್ದಳು.

"ನೀರ್ ಮೇಲೆ ಇರೋವರ್ಗೂ ಚೆನ್ನಾಗೇ ಇರ್ತೀವಿ," ಎಂದಳು ನನ್ನ ಕಡೆ ತಿರುಗಿ. "ಮೇಲಕ್ಕತ್ತಿಸೋವಾಗ ನಾನೇ ಇವ್ರಿಗೆ ಶತ್ರು. ಎಳಿ ಅಂತಾರೆ, ಬುಡು ಅಂತಾರೆ. ಎಳಿ, ಬುಡು ಎರಡೂ ಒಟ್ಗೇ ಅಂತಾರೆ. ಅಷ್ಟು ಜನದ ಮುಂದೆ."

"ಗಾಳೀಲಿ ಕೇಳ್ಸಲ್ಲ ಅಂತ ಕೂಗ್ತೀನಿ ಕಣೆ."

"ಗಾಳಿ ಇಲ್ದಾಗ್ಲೂ ಕೂಗ್ತೀರಿ. ಹೋದ್ಸಲ ವಿಂಚು ತಿರುಗ್ಸಿ ತಿರುಗ್ಸಿ ನನ್ನ ಮಣಿಕಟ್ಟು ಊದ್ಕತು. ಕೆಲ್ಸದಲ್ಲಿ ಮುದುಕ್ರನ್ನ ಎತ್ತಿ ಕೂರ್ಸಕ್ಕೆ ಆಗ್ನಿಲ್ಲ. ಡೀನ್ ಕೇಳ್ತಾನೇ ಅವ್ನೆ, ಕೊಟ್ಬುಡಿ ಅವ್ನಿಗೆ."

ಡೀನ್ ಎಂಬುವನು ಚಿಕ್ಕಪ್ಪನ ಜೊತೆ ಕೆಲಸ ಮಾಡುವವನು. ಆ ದೋಣಿಯ ಮೇಲೆ ಅವನಿಗೆ ಮೊದಲಿಂದ ಕಣ್ಣು. ಚಿಕ್ಕಪ್ಪ ಅನ್ನ ಕಲಸುತ್ತ ಕೂತರು. ವಾರವೆಲ್ಲ ಬೆಳಕು ಹರಿಯುವ ಮೊದಲೇ ಎದ್ದು ಹಾಲು ಕರೆಸುವ ಮನುಷ್ಯ, ಪಾಳಿ ಕೆಲಸದ ಹೆಂಡತಿ. ಇಬ್ಬರೂ ಒಟ್ಟಿಗೆ ಮನೆ ಬಿಟ್ಟು ಹೊರಡುವ ಒಂದೇ ದಿನಕ್ಕೆಂದು ಅವರು ಆ ದೋಣಿ ತಂದಿದ್ದರು. ಈಗ ಆ ದಿನವೇ ಜಗಳದ ದಿನವಾಗಿತ್ತು.

"ಆಯ್ತು," ಎಂದರು ಕೊನೆಗೆ. "ಈ ಭಾನುವಾರ ಒಂದ್ ಸಲ. ಕೂಗಾಟ ಇಲ್ದೆ, ನಿನ್ ಕೈ ನೋಯ್ದೆ ದೋಣಿ ಹತ್ತಿದ್ರೆ ಇರ್ಲಿ. ಇಲ್ದಿದ್ರೆ ಅಲ್ಲಿಂದ್ಲೇ ಡೀನ್‌ಗೆ ಫೋನ್ ಮಾಡ್ತೀನಿ. ಲಾಯರಮ್ಮ ಬಂದವ್ಳಲ್ಲ, ಅವಳೇ ತೀರ್ಪು ಕೊಡ್ಲಿ."

ನ್ಯಾಯಾಧೀಶರು ಬಾಯಿ ಮುಚ್ಚಿಕೊಂಡಿರಬೇಕು. ನಾನು ಮುಚ್ಚಿಕೊಳ್ಳಲಿಲ್ಲ. ಟ್ರೈಲರನ್ನು ನೀರಿನೊಳಗೆ ಎಷ್ಟು ಇಳಿಸುತ್ತೀರಿ ಎಂದು ಕೇಳಿದೆ. ಚಕ್ರ ಮುಳುಗಿ ಇನ್ನೂ ಸ್ವಲ್ಪ ಎಂದರು. ಸಾಲದು ಎಂದೆ. ಸಮಸ್ಯೆ ಇರುವುದು ದೋಣಿಯ ಭಾರದಲ್ಲಿ. ಭಾರವನ್ನು ಹೊರುವುದು ನೀರು. ಆದ್ದರಿಂದ ನೀರು ಹೆಚ್ಚಿದಷ್ಟೂ ಕೆಲಸ ಕಡಿಮೆ. ಹಲಗೆಗಳು ಪೂರಾ ಮುಳುಗಲಿ, ದೋಣಿ ಅವುಗಳ ಮೇಲೆ ತೇಲಿಕೊಂಡು ಬರಲಿ, ವಿಂಚಿನ ಕೆಲಸವೇ ಇರುವುದಿಲ್ಲ. ಚರ್ಚಾಸ್ಪರ್ಧೆಯಲ್ಲಿ ಇಂಥ ವಾದಕ್ಕೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ಚಿಕ್ಕಪ್ಪ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ನಾನೂ ಅದ್ನೇ ಅನ್ಕಂಡಿದ್ದೆ. ನೀರ್ ಸಾಲ್ತಾ ಇಲ್ಲ."

ಅವರು ಹಾಗೆ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕಡೆ ನಾಲೆಯ ನೀರು ಸರದಿಯ ಮೇಲೆ ಬರುತ್ತದೆ. ಸರದಿ ಬಂದಾಗ ತೂಬು ಪೂರಾ ತೆಗೆದು ಗದ್ದೆ ತುಂಬಿಸಿಕೊಳ್ಳುವುದೇ ಬುದ್ಧಿವಂತಿಕೆ, ನಾಳೆ ಬರುತ್ತದೋ ಇಲ್ಲವೋ. ನೀರು ಕಮ್ಮಿ ಎಂಬ ಮಾತನ್ನು ಮಂಡ್ಯ ಜಿಲ್ಲೆಯಲ್ಲಿ ಯಾರೂ ಉಪಾಯವಾಗಿ ಹೇಳಿದ್ದಿಲ್ಲ. ಅದು ಯಾವಾಗಲೂ ದೂರು.

ಕರಾಪಿರೊ, ಬೆಳಗ್ಗೆ

ಕರಾಪಿರೊ ಎಂಬುದು ವೈಕಾಟೊ ಹೊಳೆಗೆ ಅಣೆಕಟ್ಟು ಕಟ್ಟಿ ಮಾಡಿದ ಕೆರೆ. ಅಜ್ಜಿ ಅದನ್ನು ನೋಡಿದ ಕೂಡಲೇ "ನಮ್ ಕನ್ನಂಬಾಡಿ ಇನ್ನೀರು" ಎಂದು ತೀರ್ಮಾನಿಸಿ, ಪರದೇಶದ ಅಳುಕನ್ನೆಲ್ಲ ಅಲ್ಲೇ ಬಿಟ್ಟಳು. ದಡದಲ್ಲಿ ನೀರಿಗೆ ಇಳಿಜಾರಾಗಿ ಕಾಂಕ್ರೀಟು ಹಾಕಿದ್ದಾರೆ. ಅದಕ್ಕೆ ರ‍್ಯಾಂಪ್ ಎನ್ನುತ್ತಾರೆ. ಕಾರು, ಪಿಕಪ್ಪುಗಳು ಹಿಮ್ಮುಖವಾಗಿ ಅದರ ಮೇಲಿಳಿದು, ದೋಣಿಯನ್ನು ನೀರಿಗೆ ಬಿಟ್ಟು, ಖಾಲಿ ಟ್ರೈಲರ್ ಎಳೆದುಕೊಂಡು ಮೇಲೆ ಹೋಗುತ್ತವೆ.

ಅಲ್ಲಿಯ ಜನ ಬರಿಗಾಲಲ್ಲಿ ಓಡಾಡುತ್ತಾರೆ. ರ‍್ಯಾಂಪಿನಲ್ಲಿ ಮಾತ್ರ ಅಲ್ಲ, ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ. ಅಜ್ಜಿಗೆ ಇದು ಬಗೆಹರಿಯಲಿಲ್ಲ. "ಇಷ್ಟ್ ದೊಡ್ ಕಾರಲ್ಲಿ ಬಂದವ್ನೆ, ಕಾಲ್ಗೆ ಚಪ್ಲಿ ಇಲ್ಲ. ನನ್ ಚಪ್ಲಿ ಮಾತ್ರ ತೊಳ್ದು ಕೊಟ್ರು."

ಇನ್ನೊಂದು ಅಭ್ಯಾಸ ನನ್ನನ್ನು ಹೆಚ್ಚು ಕಾಡಿತು. ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಮದ್ದೂರಿನಲ್ಲಿ ಒಂದು ಕಬ್ಬಿನ ಟ್ರ್ಯಾಕ್ಟರ್ ರಿವರ್ಸ್ ಬಂದರೆ ಟೀ ಅಂಗಡಿ ಖಾಲಿಯಾಗುತ್ತದೆ. ಬರ್ಲಿ ಬರ್ಲಿ ಎನ್ನುವವನೊಬ್ಬ, ರೈಟಿಗೆ ಒಡಿ ಎನ್ನುವವನೊಬ್ಬ, ಲೇ ಲೆಫ್ಟು ಕಣ್ಲಾ ಎಂದು ಅವನನ್ನೇ ಬೈಯುವ ಮತ್ತೊಬ್ಬ. ಇಲ್ಲಿ ಜನ ಮಡಿಸುವ ಕುರ್ಚಿಯಲ್ಲಿ ಕೂತು, ಫ್ಲಾಸ್ಕಿನ ಟೀ ಕುಡಿಯುತ್ತ, ಕೆರೆ ನೋಡುವಂತೆ ನಟಿಸುತ್ತ ನಿಮ್ಮನ್ನೇ ನೋಡುತ್ತಾರೆ. ನಮ್ಮವರ ಗದ್ದಲದಲ್ಲಿ ತಪ್ಪು ಹತ್ತು ಜನರಿಗೆ ಹಂಚಿಹೋಗುತ್ತದೆ. ಅವರ ಮೌನದಲ್ಲಿ ಅದು ಪೂರಾ ನಿಮ್ಮದೇ.

ಇಳಿಸುವುದು ಸುಲಭವಾಯಿತು. ಇಳಿಸುವುದು ಯಾವಾಗಲೂ ಸುಲಭ ಎಂದಳು ಚಿಕ್ಕಮ್ಮ. ಸೀರೆಯ ಮೇಲೆ ಕೆಂಪು ಲೈಫ್ ಜಾಕೆಟ್ ತೊಟ್ಟು ಅಜ್ಜಿ ಮುಂದೆ ಕೂತಳು. ಕೆರೆಯ ಮಧ್ಯೆ ಚಿಕ್ಕಪ್ಪ ಮೋಟರು ನಿಲ್ಲಿಸಿದಾಗ ಸದ್ದೇ ಇರಲಿಲ್ಲ. ಚಿಕ್ಕಮ್ಮ ಡಬ್ಬಿ ತೆಗೆದು ಚಿತ್ರಾನ್ನ ಹಂಚಿದಳು. ಚಿಕ್ಕಪ್ಪ ಏನೋ ಹೇಳಿದರು, ಅವಳು ಅವರ ಭುಜಕ್ಕೆ ಒಂದು ಏಟು ಹಾಕಿ ನಕ್ಕಳು. ಊಟದ ಮೇಜಿನಲ್ಲಿ ಕಂಡಿದ್ದ ಇಬ್ಬರು ಇವರೇನಾ ಅನ್ನಿಸಿತು. ಅಜ್ಜಿಯೂ ಅದನ್ನು ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ದೋಣಿ ಕೊಡಕ್ಕೆ ಬುಡಬ್ಯಾಡ ಕಣವ್ವ," ಎಂದಳು.

ಕರಾಪಿರೊ, ಸಂಜೆ

ಅಲ್ಲಿಯ ಬೇಸಗೆಯ ಸಂಜೆ ಬಹಳ ಉದ್ದ. ನಾಚಿಕೆಪಡಲು ಬೇಕಾದಷ್ಟು ಬೆಳಕಿರುತ್ತದೆ.

ನನ್ನ ಸಿದ್ಧಾಂತದ ಪ್ರಕಾರ ಚಿಕ್ಕಪ್ಪ ತಮ್ಮ ಪಿಕಪ್ಪನ್ನು ಹಿಂದಕ್ಕೆ ಬಿಟ್ಟರು. ಟ್ರೈಲರ್ ಮುಳುಗಿತು, ಹಲಗೆ ಮುಳುಗಿತು, ಪಿಕಪ್ಪಿನ ಹಿಂದಿನ ಚಕ್ರವೂ ನೀರಿಗೆ ಇಳಿದು ಹೊಗೆಕೊಳವೆ ಗುಳುಗುಳು ಎಂದಿತು. ಚಿಕ್ಕಮ್ಮ ರ‍್ಯಾಂಪಿನ ಪಕ್ಕದ ಕಟ್ಟೆಯ ಮೇಲಿಂದ ಹಗ್ಗ ಹಿಡಿದು ದೋಣಿಯನ್ನು ನಡೆಸಿಕೊಂಡು ಬಂದಳು. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತು ವಿಂಚಿನ ಕೊಂಡಿಯನ್ನು ದೋಣಿಯ ಮೂತಿಗೆ ಸಿಕ್ಕಿಸಿದೆ. ಎಳೆಯುವ ಅಗತ್ಯವೇ ಬರಲಿಲ್ಲ, ಬೆರಳಲ್ಲಿ ತಳ್ಳಿದರೆ ಬಂತು. ನಾನು ಸುತ್ತ ಕೂತಿದ್ದವರ ಕಡೆ ನೋಡಿದೆನೆಂದು ಕಾಣುತ್ತದೆ.

ಚಿಕ್ಕಪ್ಪ ಗಾಡಿ ಮುಂದಕ್ಕೆ ತೆಗೆದರು. ಅಷ್ಟರಲ್ಲಿ ಸಣ್ಣ ಗಾಳಿ ಬೀಸಿತ್ತು. ದೋಣಿಯ ಮೂತಿ ಕೊಂಡಿಯಲ್ಲೇ ಇತ್ತು, ಹಿಂಭಾಗ ಮಾತ್ರ ಒಂದು ಕಡೆಗೆ ವಾಲಿಕೊಂಡು ಹೋಗಿತ್ತು. ನೀರು ಇಳಿದ ಹಾಗೆ ಅದು ಎಲ್ಲಿತ್ತೋ ಅಲ್ಲೇ ಕೂತಿತು. ಒಂದು ಮಗ್ಗುಲು ಹಲಗೆಯ ಮೇಲೆ, ಇನ್ನೊಂದು ಮಗ್ಗುಲು ಚಕ್ರದ ಮಡ್‌ಗಾರ್ಡಿನ ಮೇಲೆ. ತಗಡು ಕಿರ್ರೆಂದಿತು.

"ಬುಡು, ಬುಡು, ಇಡ್ಕ," ಎಂದು ಕಿಟಕಿಯಿಂದ ಚಿಕ್ಕಪ್ಪ.

"ಏನ್ ಬುಡ್ಲಿ, ಏನ್ ಇಡ್ಕಳ್ಲಿ?" ಎಂದಳು ಚಿಕ್ಕಮ್ಮ.

ಮತ್ತೆ ನೀರಿಗೆ. ಮತ್ತೆ ಹಾಗೇ, ಈ ಸಲ ಇನ್ನೊಂದು ಮಗ್ಗುಲು. ಚಿಕ್ಕಪ್ಪ ರೇಗಿ ಪೂರಾ ಉಲ್ಟಾ ಮಾಡಿದರು, ಟ್ರೈಲರಿನ ತುದಿ ಮಾತ್ರ ನೀರಿಗೆ ತಾಗಿಸಿ ನಿಲ್ಲಿಸಿದರು. ಆಗ ದೋಣಿಯ ಭಾರವೆಲ್ಲ ವಿಂಚಿನ ಮೇಲೆ ಬಿತ್ತು. ಚಿಕ್ಕಮ್ಮ ಹಿಡಿಗೆ ಕೈ ಹಾಕಿ ಒಂದು ಸುತ್ತು ತಿರುಗಿಸಿದಳು, ಇನ್ನರ್ಧ ತಿರುಗಿಸಿದಳು, ಮಣಿಕಟ್ಟು ಹಿಡಿದುಕೊಂಡು ನಿಂತುಬಿಟ್ಟಳು.

ಬೆಂಚಿನ ಮೇಲೆ ಕೂತಿದ್ದ ಅಜ್ಜಿ ತನ್ನ ಪರಿಹಾರಗಳನ್ನು ಒಂದೊಂದಾಗಿ ಹೇಳಿದಳು. "ಆ ಜಮಖಾನಕ್ಕೆ ಅರಳೆಣ್ಣೆ ಸವ್ರಿ, ಗಾಡಿ ಅಚ್ಚಿಗೆ ಸವ್ರಲ್ವ, ಜಾರ್ಕಂಡು ಬತ್ತದೆ."

"ಹತ್ತುವಾಗ ಜಾರೋದು ರೋಡಲ್ಲೂ ಜಾರ್ತದೆ ಅಜ್ಜಿ."

"ಅಂಗಾರೆ ಅಲ್ಲಿ ಕುಂತವ್ರಲ್ಲ, ಅಷ್ಟ್ ಜನಾನೂ ಕರೀರಿ. ನಮ್ಮೂರಲ್ಲಾಗಿದ್ರೆ ಎತ್ತಿ ಮಡುಗ್ಬುಟ್ಟಿರೋರು."

ಹಿಂದೆ ಬೇರೆಯವರು ಕಾಯುತ್ತಿದ್ದರು. ನಾವು ದೋಣಿಯನ್ನು ಕಟ್ಟೆಗೆ ಕಟ್ಟಿ, ಟ್ರೈಲರನ್ನು ಪಕ್ಕಕ್ಕೆ ತೆಗೆದೆವು. ಚಿಕ್ಕಪ್ಪ ಜೇಬಿನಿಂದ ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಲಾಯರಮ್ಮ, ಹೇಳ್ಬುಡು. ಡೀನ್‌ಗೆ ಮಾಡ್ಲಾ?"

ತೀರ್ಪು ಕೊಡಬೇಕಾದ ನಾನು ತಪ್ಪಿತಸ್ಥರ ಪಟ್ಟಿಯಲ್ಲೂ ಇದ್ದೆ. ಕೊಂಚ ಹೊತ್ತು ಕೊಡಿ ಎಂದೆ. ನಮ್ಮ ಮೇಷ್ಟರು ಚರ್ಚೆ ಕಲಿಸುವಾಗ ಎದುರಾಳಿಯ ವಾದ ಕೇಳದೆ ಉತ್ತರ ಹೇಳಬೇಡಿ ಎನ್ನುತ್ತಿದ್ದರು. ಇಲ್ಲಿ ಎದುರಾಳಿಗಳು ಮಾತೇ ಆಡುವುದಿಲ್ಲ. ಆದ್ದರಿಂದ ರ‍್ಯಾಂಪಿನ ಅಂಚಿಗೆ ಹೋಗಿ ಅವರ ಚಕ್ರಗಳನ್ನು ನೋಡುತ್ತ ನಿಂತೆ.

ಮೊದಲು ಬಂದ ಗಾಡಿ ಟ್ರೈಲರನ್ನು ಪೂರಾ ಮುಳುಗಿಸಿತು. ಸರಿ, ನಾನೇ ಗೆದ್ದೆ ಅಂದುಕೊಂಡೆ. ಆದರೆ ದೋಣಿ ಬರುವ ಮೊದಲೇ ಅದು ಮತ್ತೆ ಮುಂದಕ್ಕೆ ಬಂತು, ಮಡ್‌ಗಾರ್ಡುಗಳ ಬೆನ್ನು ನೀರಿನಿಂದ ಮೇಲೆ ಕಾಣುವವರೆಗೆ. ಎರಡನೆಯದೂ ಹಾಗೇ, ಮುಳುಗಿಸಿ ಮೇಲಕ್ಕೆ ತಂದು ನಿಲ್ಲಿಸಿತು. ಮುಂದಿನದೂ ಮಡ್‌ಗಾರ್ಡಿನ ಬೆನ್ನಿಗೇ ನಿಂತಿತು. ಇವರಿಗೆಲ್ಲ ಒಂದೇ ಗುರುತು.

ಆ ಕೊನೆಯ ದೋಣಿಯನ್ನು ಹತ್ತಿಸಿದವಳು ಬರಿಗಾಲಿನ, ದೊಡ್ಡ ಟೋಪಿಯ ಹೆಂಗಸು, ಅಮ್ಮನ ವಯಸ್ಸಿನವಳು. ಹೋಗಿ ಕೇಳಿದೆ. ಆಕೆ ನಮ್ಮ ದೋಣಿಯ ಕಡೆ ನೋಡಿ, "ಸ್ವಲ್ಪ ಆಳವಾಯಿತೇನೋ," ಎಂದಳು. ಪಿಕಪ್ಪೇ ಅರ್ಧ ಮುಳುಗಿದ್ದಕ್ಕೆ ಅಲ್ಲಿಯವರ ಭಾಷೆಯಲ್ಲಿ ಸ್ವಲ್ಪ ಎನ್ನುತ್ತಾರೆ.

ನಾನು ಬಿಡಲಿಲ್ಲ. ಆಳವಿದ್ದರೆ ದೋಣಿ ಹಗುರವಾಗುವುದಿಲ್ಲವೇ ಎಂದೆ.

"ಹಗುರವೇ. ಆದರೆ ಹಲಗೆ ಮುಟ್ಟುವುದೇ ಇಲ್ಲವಲ್ಲ. ಗಾಳಿ ಕರೆದ ಕಡೆ ಹೋಗುತ್ತದೆ. ಮೊದಲು ಮುಳುಗಿಸುವುದು ಕಾರ್ಪೆಟ್ ನೆನೆಯಲಿ ಅಂತ. ಆಮೇಲೆ ಮೇಲಕ್ಕೆ ತಾ. ಹಲಗೆಯ ಹಿಂಭಾಗ ನೀರೊಳಗೆ, ಮುಂಭಾಗ ಹೊರಗೆ. ಹಿಂಭಾಗ ದೋಣಿಯನ್ನು ತೇಲಿಸಿಕೊಳ್ಳುತ್ತದೆ, ಮುಂಭಾಗ ಹಿಡಿದು ನೆಟ್ಟಗೆ ಮಾಡುತ್ತದೆ."

ಮೊದಲೇ ಹೇಳಬಹುದಿತ್ತಲ್ಲ ಎಂದೆ. ಅವಳಿಗೆ ಮುಜುಗರವಾಯಿತು. ಹಿಂದಿನ ಭಾನುವಾರಗಳಲ್ಲೂ ನೋಡಿದ್ದರಂತೆ. ನಿಮ್ಮ ದೇಶದಲ್ಲಿ ಬೇರೆ ಪದ್ಧತಿ ಇರಬಹುದು, ನಾವು ಮಧ್ಯೆ ಬಾಯಿ ಹಾಕುವುದು ಸರಿಯಲ್ಲ ಎಂದುಕೊಂಡರಂತೆ. ಅಷ್ಟು ಮರ್ಯಾದೆ ನಮಗೆ ಬೇಕಿರಲಿಲ್ಲ. ಟೀ ಅಂಗಡಿಯಿಂದ ಎದ್ದು ಬಂದು ಲೆಫ್ಟು ಕಣ್ಲಾ ಎನ್ನುವ ಒಬ್ಬ ಸಾಕಿತ್ತು.

ಬಂದು ಹೇಳಿದೆ. ನೀರು ಕಮ್ಮಿ ಮಾಡಬೇಕು, ನನ್ನ ವಾದ ತಪ್ಪು. ಚಿಕ್ಕಪ್ಪ ನಂಬಲಾರದೆ ನೋಡಿದರು. ಆಮೇಲೆ ಅವರ ಮುಖ ಸಡಿಲವಾಯಿತು.

"ನಾಟಿ ಗದ್ದೇಲಿ ನೀರ್ ಜಾಸ್ತಿ ನಿಂತ್ರೆ ಪೈರು ನಾಟ್ಕಳಲ್ಲ, ತೇಲೋಯ್ತದೆ. ಅಂಗೆ ಅನ್ನು."

ಗದ್ದೆ ತುಂಬಿಸಿ, ನಾಟಿಗೆ ಮುಂಚೆ ನೀರು ಬಸಿದು ಬಿಡುವುದನ್ನು ನಾವು ನಾಲ್ಕೂ ಜನ ಹುಟ್ಟಿದಾಗಿನಿಂದ ನೋಡಿದವರು. ತುಂಬಿಸುವುದು ನೆನಪಿತ್ತು, ಬಸಿಯುವುದು ಯಾರಿಗೂ ನೆನಪಾಗಿರಲಿಲ್ಲ.

"ಕೀ ಕೊಡಿ ಇಲ್ಲಿ," ಎಂದಳು ಚಿಕ್ಕಮ್ಮ.

"ನೀನಾ? ಟ್ರೈಲರ್ ರಿವರ್ಸು ಕಣೆ."

"ಕೂಗೋರು ಹೊರಗಿರ್ಲಿ. ನೀವು ಹಗ್ಗ ಇಡ್ಕಳಿ."

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿದೆ. ಅವರು ಕೀ ಕೊಟ್ಟು ಕಟ್ಟೆಗೆ ಹೋದರು. ಮಾತು ಬೇಡ, ಕೈ ಎತ್ತಿದರೆ ನಿಲ್ಲಿಸಬೇಕು ಎಂದು ನಾವಿಬ್ಬರು ಹೆಂಗಸರು ಗೊತ್ತುಮಾಡಿಕೊಂಡೆವು. ಚಿಕ್ಕಮ್ಮ ನಿಧಾನವಾಗಿ ಹಿಂದೆ ಬಂದಳು. ಟ್ರೈಲರ್ ಒಮ್ಮೆ ಅಡ್ಡ ತಿರುಗಿತು. ಮುಂದೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಬಂದಳು. ರ‍್ಯಾಂಪಿನ ಮೌನದಲ್ಲಿ ಬೆಂಚಿನಿಂದ ಒಂದೇ ದನಿ ಕೇಳಿಸುತ್ತಿತ್ತು.

"ಬರ್ಲಿ, ಬರ್ಲಿ, ಬರ್ಲಿ."

ಅಜ್ಜಿಗೆ ಒಪ್ಪಂದ ತಿಳಿಸುವುದು ಮರೆತಿತ್ತು. ಕುರ್ಚಿಯಲ್ಲಿದ್ದವರು ಮೊದಲ ಸಲ ನಮ್ಮ ಕಡೆಗೇ ತಿರುಗಿ ನಕ್ಕರು. ಚಿಕ್ಕಮ್ಮನೂ ಕಿಟಕಿಯಲ್ಲಿ ನಗುತ್ತಿದ್ದಳು.

ಹಲಗೆ ಮುಳುಗಿತು, ಕಾರ್ಪೆಟ್ ನೆನೆಯಿತು. ಮುಂದಕ್ಕೆ ಎಂದು ಸನ್ನೆ ಮಾಡಿದೆ. ಮಡ್‌ಗಾರ್ಡುಗಳ ಬೆನ್ನು ಎಮ್ಮೆಯ ಬೆನ್ನಿನ ಹಾಗೆ ನೀರಿನಿಂದ ಎದ್ದಾಗ ಕೈ ಎತ್ತಿದೆ. ಚಿಕ್ಕಪ್ಪ ದೋಣಿಯನ್ನು ನಡೆಸಿಕೊಂಡು ಬಂದರು. ಅದರ ಮೂತಿ ಹಲಗೆಗಳ ನಡುವೆ ಹೊಕ್ಕಿತು, ಅತ್ತ ಇತ್ತ ಒಮ್ಮೆ ಅಲುಗಿತು, ಆಮೇಲೆ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ನಾನು ಕೊಂಡಿ ಸಿಕ್ಕಿಸಿದೆ. ಚಿಕ್ಕಪ್ಪ ಬಂದು ವಿಂಚು ತಿರುಗಿಸಿದರು, ಟಕ್ ಟಕ್ ಎಂದು ಕೆಲವೇ ಸುತ್ತು. ಸರಪಳಿಯನ್ನೂ ಬಿಗಿದರು. ಚಿಕ್ಕಮ್ಮ ಗಾಡಿ ಮೇಲೆ ತಂದಳು. ನೀರು ಸುರಿಸುತ್ತ ದೋಣಿ ಮೇಲೆ ಬಂತು, ಅಳತೆ ತೆಗೆದು ಕೂರಿಸಿದ ಹಾಗೆ.

ಚಿಕ್ಕಪ್ಪ ಅದರ ಸುತ್ತ ಒಂದು ಸುತ್ತು ಬಂದರು. ಹಿಂದಿನಿಂದ ನೋಡಿದರು, ಬಗ್ಗಿ ನೋಡಿದರು. ಆಮೇಲೆ ಒಂದು ಉಸಿರು ಬಿಟ್ಟರು. ಆ ಉಸಿರನ್ನು ಎಷ್ಟು ಭಾನುವಾರಗಳಿಂದ ಹಿಡಿದಿದ್ದರೋ.

ಚಿಕ್ಕಮ್ಮ ಇಳಿದು ಬಂದು ಅವರ ಕೈಯಿಂದ ಫೋನ್ ತಗೊಂಡು ಡೀನ್‌ಗೆ ತಾನೇ ಮಾಡಿದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟು: ದೋಣಿ ಎಲ್ಲೂ ಹೋಗುವುದಿಲ್ಲ, ಬೇಕಿದ್ದರೆ ಮುಂದಿನ ಭಾನುವಾರ ಬಂದು ಹತ್ತಿ ಕೂತುಕೋ. ನನ್ನ ತೀರ್ಪನ್ನು ಯಾರೂ ಕೇಳಲಿಲ್ಲ.

ಹೊರಡುವ ಮುಂಚೆ ಟ್ರೈಲರಿಗೆ ಅಂಟಿದ ನೀರುಗಿಡವನ್ನೆಲ್ಲ ಕಿತ್ತು ಹೋಗಬೇಕೆಂದು ಅಲ್ಲಿ ಫಲಕ ಹಾಕಿದ್ದರು, ಒಂದು ಕೆರೆಯ ಕಳೆ ಇನ್ನೊಂದಕ್ಕೆ ಹೋಗಬಾರದೆಂದು. ನಾವು ಬಗ್ಗಿ ಕೀಳತೊಡಗಿದೆವು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದು ನಮ್ಮೆಲ್ಲರಿಗಿಂತ ಬೇಗ ಕಿತ್ತಳು.

"ಇಷ್ಟ್ ದೂರ ಬಂದು ಕಳೆ ಕೀಳಂಗಾಯ್ತು ನೋಡು," ಎಂದಳು. ಸಂತೋಷವಾಗಿಯೇ ಹೇಳಿದಳು.

ಕಿರುಗಾವಲು

ಅಜ್ಜಿಯನ್ನು ಮನೆಗೆ ಬಿಟ್ಟ ವಾರದ ಮೇಲೆ ಮತ್ತೆ ಹೋದಾಗ ಜಗಲಿಯಲ್ಲಿ ಸಭೆ ನಡೆದಿತ್ತು. ಚಪ್ಪಲಿ ತೊಳೆದ ಆಫೀಸರನ ಕಥೆ ಮುಗಿದು ದೋಣಿಯ ಕಥೆ ಓಡುತ್ತಿತ್ತು. ಎದುರುಮನೆಯ ನಿಂಗಮ್ಮ ಒಪ್ಪುತ್ತಿರಲಿಲ್ಲ.

"ನೀರ್ ಕಮ್ಮಿ ಮಾಡುದ್ರೆ ದೋಣಿ ಎಂಗತ್ತದೆ? ಜಾಸ್ತಿ ಮಾಡುದ್ರೆ ತಾನೆ ತೇಲೋದು?"

"ನಾನೇ ಕಣ್ಣಲ್ಲಿ ಕಂಡಿವ್ನಿ ಕಣಮ್ಮಿ," ಎಂದಳು ಅಜ್ಜಿ.

"ನೀನ್ ಏನೇನೋ ಕಂಡಿದ್ದೀಯ ಬುಡು. ಲಾಯರಮ್ಮ, ನೀನೇಳು. ಓದಿರೋಳು ನೀನು."

ನಿಂಗಮ್ಮನ ವಾದದಲ್ಲಿ ಒಂದು ಬಿರುಕೂ ಇರಲಿಲ್ಲ. ಅದನ್ನು ನಾನು ಇದಕ್ಕಿಂತ ಚೆನ್ನಾಗಿ ಮಂಡಿಸಿ ಸಾರು ಹಾಕಿಸಿಕೊಂಡಿದ್ದೆ. ಉತ್ತರ ಹೇಳುವ ಬದಲು ಫೋನ್ ತೆಗೆದು, ಆ ಬೆಳಗ್ಗೆ ಚಿಕ್ಕಮ್ಮ ಕಳಿಸಿದ್ದ ಫೋಟೋ ತೋರಿಸಿದೆ. ರ‍್ಯಾಂಪಿನ ಮೇಲೆ ದೋಣಿ ನೆಟ್ಟಗೆ ಕೂತಿದೆ. ಚಿಕ್ಕಪ್ಪ ಒಂದು ಕೈ ವಿಂಚಿನ ಮೇಲಿಟ್ಟು ನಿಂತಿದ್ದಾರೆ. ಡ್ರೈವರ್ ಕಿಟಕಿಯಲ್ಲಿ ಚಿಕ್ಕಮ್ಮ. ಕೆಳಗೆ ಒಂದು ಸಾಲು: ಯಾರೂ ಕೂಗ್ನಿಲ್ಲ.

ನಿಂಗಮ್ಮ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ದೋಣಿಯನ್ನು ನೋಡುತ್ತಿದ್ದಾಳೆ, ಈಗ ಮುಂದಿನ ಪ್ರಶ್ನೆ ಬರುತ್ತದೆ ಎಂದು ನಾನು ಸಿದ್ಧಳಾಗಿದ್ದೆ.

"ನಮ್ ಸುಧಾ ನಗ್ತಾವ್ಳೆ," ಎಂದಳು.

ಆಮೇಲೆ ಯಾರೂ ನೀರಿನ ವಿಷಯ ಎತ್ತಲಿಲ್ಲ.